ಸೋರುವ ಜಾಗ ಒಂದು, ಹನಿ ಬೀಳುವ ಜಾಗ ಇನ್ನೊಂದು

ನವೆಂಬರ್ ತಿಂಗಳ ಒಂದು ರಾತ್ರಿ, ಮೂರು ಗಂಟೆ ಇರಬಹುದು. "ಅಮ್ಮಾ, ಇಟ್ಸ್ ಡ್ರಿಪ್ಪಿಂಗ್ ಅಗೇನ್" ಅಂತ ಮಗಳು ಕೂಗಿದಳು. ಎದ್ದು ಟಾರ್ಚ್ ಹಿಡಿದು ಹೋದೆ. ಅವಳ ದಿಂಬಿನ ಪಕ್ಕ ಅಂಗೈಯಗಲ ಒದ್ದೆ. ತಲೆಯ ಮೇಲಿನ ಹಲಗೆಯ ಅಂಚಿನಲ್ಲಿ ಒಂದು ಹನಿ ನಿಧಾನವಾಗಿ ದಪ್ಪಗಾಗುತ್ತಿತ್ತು. "ಸೋರ್ತಿದೆಯಾ ಪುಟ್ಟೀ?" ಅಂದೆ. "ದಟ್ಸ್ ವಾಟ್ ಐ ಸೆಡ್" ಅಂದಳು. ಸಾರಿನ ಬಟ್ಟಲೊಂದನ್ನು ತಂದು ಹನಿಯ ಕೆಳಗಿಟ್ಟು, ಅವಳನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಮಲಗಿದೆ. ಬೆಳಗಾಗುವವರೆಗೂ ಟಿಣ್, ಟಿಣ್ ಅಂತ ಆ ಬಟ್ಟಲು ನನ್ನನ್ನು ಕೇಳುತ್ತಲೇ ಇತ್ತು: ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೇಕೆ ಬಂದೆ?

ಇಲ್ಲಿ ಅಂದರೆ ಸಿಯಾಟಲ್‌ನಲ್ಲಿ, ಪ್ಯೂಜೆಟ್ ಸೌಂಡ್‌ನ ಉಪ್ಪುನೀರಿನ ಮೇಲೆ, ದಡಕ್ಕೆ ಹಗ್ಗ ಹಾಕಿ ನಿಲ್ಲಿಸಿದ ಒಂದು ಹಾಯಿದೋಣಿಯಲ್ಲಿ. 36 ಅಡಿ ಉದ್ದ, 1979ರಲ್ಲಿ ಕಟ್ಟಿದ್ದು, ನನಗಿಂತ ವಯಸ್ಸಿನಲ್ಲಿ ದೊಡ್ಡದು. ಕೊಳ್ಳುವ ಆಸೆ ನನ್ನ ಗಂಡನದು, ಹೂಂ ಅಂದವಳು ನಾನು, ಹಾಗಾಗಿ ತಪ್ಪು ಇಬ್ಬರದೂ. ಆಗಸ್ಟ್‌ನಲ್ಲಿ ಅಪಾರ್ಟ್‌ಮೆಂಟ್ ಖಾಲಿ ಮಾಡಿದೆವು. ಒಂದು ವರ್ಷ ದೋಣಿಯಲ್ಲೇ ಇದ್ದು ಅದನ್ನು ರಿಪೇರಿ ಮಾಡುವುದು, ಬಾಡಿಗೆಯಲ್ಲಿ ಉಳಿದ ದುಡ್ಡನ್ನು ಅದಕ್ಕೇ ಹಾಕುವುದು, ಮುಂದಿನ ಬೇಸಿಗೆಗೆ ಸ್ಯಾನ್ ವಾನ್ ದ್ವೀಪಗಳ ಕಡೆ ಹೊರಡುವುದು, ಇದು ಯೋಜನೆ. ಕನ್ನಡ ಕೂಟದ ಗಣೇಶನ ಹಬ್ಬದಲ್ಲಿ ಸುದ್ದಿ ಕೇಳಿದವರೆಲ್ಲ "ವಾವ್" ಅಂದರು. ಒಬ್ಬ ಹಿರಿಯರು ಮಾತ್ರ "ಮಳೆಗಾಲಕ್ಕೆ ಏನು ಮಾಡ್ತೀರಮ್ಮ?" ಅಂತ ಕೇಳಿದರು.

ಸಿಯಾಟಲ್‌ನ ಜುಲೈ, ಆಗಸ್ಟ್ ಒಣ ತಿಂಗಳುಗಳು. ದೋಣಿ ನೋಡಲು ಹೋದಾಗ ಒಂದು ಹನಿ ನೀರಿರಲಿಲ್ಲ. ಅಕ್ಟೋಬರ್‌ನ ಮೊದಲ ಮಳೆಗೆ ಏಳು ಕಡೆ ಸೋರಿತು. ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಸಿಯಾಟಲ್‌ನಲ್ಲಿ 1000ದ ಆಸುಪಾಸು. "ಇದೆಲ್ಲ ಒಂದು ಮಳೆಯಾ" ಅಂತ ಸಹೋದ್ಯೋಗಿಗಳ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದವಳು ನಾನೇ. ಆದರೆ ನಮ್ಮೂರಿನ ಮಳೆ ಹೊಡೆದು ಹೋಗುತ್ತದೆ. ಇಲ್ಲಿಯದು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಸುಮ್ಮನೆ ಕೂತಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಸೂರ್ಯ ಮುಳುಗುತ್ತಾನೆ. ಒಮ್ಮೆ ಒದ್ದೆಯಾದದ್ದು ಒಣಗುವ ದಾರಿಯೇ ಇರುವುದಿಲ್ಲ.

ಮೊದಲು ಮಾಡಿದ್ದು ದಡ್ಡ ಕೆಲಸ. ಅಂಗಡಿಯಿಂದ ಸಿಲಿಕೋನ್ ಟ್ಯೂಬು ತಂದು, ಮಳೆಯಲ್ಲೇ ನಿಂತು, ಡೆಕ್ಕಿನ ಮೇಲೆ ಕಂಡ ಸಂದಿಗಳಿಗೆಲ್ಲ ಮೆತ್ತಿದೆವು. ಒದ್ದೆ ಮೈಗೆ ಅದು ಹಿಡಿಯಲಿಲ್ಲ. ಸಿಲಿಕೋನ್ ಮೆತ್ತಿದ ಜಾಗಕ್ಕೆ ಆಮೇಲೆ ಬೇರೆ ಯಾವ ಅಂಟೂ ಸರಿಯಾಗಿ ಕೂರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಅದನ್ನು ಕೆರೆದು ತೆಗೆಯುವುದಕ್ಕೇ ಎರಡು ವಾರಾಂತ್ಯ ಹೋದವು.

ಎರಡನೆಯದಾಗಿ ಗೊತ್ತಾಗಿದ್ದು, ಎಲ್ಲ ನೀರೂ ಮಳೆಯದಲ್ಲ ಅನ್ನುವುದು. ಮಳೆ ಬಾರದ ಒಂದು ವಾರದಲ್ಲೂ ಕಿಟಕಿಯ ಚೌಕಟ್ಟು ಒದ್ದೆ, ಹಾಸಿಗೆಯ ಅಡಿ ಒದ್ದೆ, ಅಲ್ಲಿ ಕಪ್ಪು ಬೂಷ್ಟು. ನಾಲ್ಕು ಜನರ ಉಸಿರು, ಅನ್ನದ ಹಬೆ, ಒಣಗದ ಜಾಕೆಟ್ಟುಗಳು, ಎಲ್ಲ ಸೇರಿ ತಣ್ಣಗಿನ ಗೋಡೆಗೆ ತಾಗಿ ನೀರಾಗುತ್ತಿತ್ತು. ಹೊರಗಿನ ನೀರು ಎಂಟೊಂಬತ್ತು ಡಿಗ್ರಿ, ಅದಕ್ಕೂ ನಮಗೂ ನಡುವೆ ಒಂದು ತೆಳು ಗೋಡೆ. ದೋಣಿ ಸೋರುತ್ತಿತ್ತು ನಿಜ, ಆದರೆ ಅರ್ಧ ಬೆವರುತ್ತಿತ್ತು. ಹಾಸಿಗೆಯ ಕೆಳಗೆ ಗಾಳಿ ಆಡುವಂತೆ ಪಟ್ಟಿಗಳನ್ನು ಜೋಡಿಸಿದೆವು, ತೇವ ಹೀರುವ ಯಂತ್ರ ತಂದೆವು, ಪಾತ್ರೆಗೆ ಮುಚ್ಚಳವಿಲ್ಲದೆ ಅಡುಗೆ ಇಲ್ಲ ಅಂತ ಕಾನೂನು ಮಾಡಿದೆವು. ಬೆವರು ಇಳಿಯಿತು. ಮಗಳ ಮಂಚದ ಮೇಲಿನ ಹನಿ ಮಾತ್ರ ನಿಲ್ಲಲಿಲ್ಲ.

ನಾನು ನಿಜವಾಗಿ ಹೆದರಿದ್ದು ಇನ್ನೊಂದು ಸಂಜೆ. ದಡದಿಂದ ದೋಣಿಗೆ ಬರುವುದು 30 ಆಂಪ್‌ನ ಒಂದೇ ತಂತಿ. 1500 ವಾಟ್‌ನ ಒಂದು ಹೀಟರು 12.5 ಆಂಪ್ ಎಳೆಯುತ್ತದೆ. ಎರಡು ಹೀಟರು ಹಾಕಿ ಅನ್ನದ ಕುಕ್ಕರ್ ಒತ್ತಿದರೆ ಮಿತಿಯ ಅಂಚು. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿದ್ದು ಸುಟ್ಟ ವಾಸನೆ ಬಂದ ಮೇಲೆ. ದೋಣಿಗೆ ತಂತಿ ಸೇರುವ ಪ್ಲಗ್ಗಿನ ಒಂದು ಕಡ್ಡಿ ಸಡಿಲವಾಗಿ, ಬಿಸಿಯಾಗಿ, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ವರ್ಷದ ಮಗ ಅಲ್ಲಿಂದ ನಾಲ್ಕಡಿ ದೂರದಲ್ಲಿ ಆಡುತ್ತಿದ್ದ. ಮರುದಿನವೇ ಎಲೆಕ್ಟ್ರಿಷಿಯನ್ ಕರೆಸಿ ಪ್ಲಗ್ಗು, ಸಾಕೆಟ್ಟು ಎರಡನ್ನೂ ಬದಲಾಯಿಸಿದೆವು, ಒಂದು ಹೀಟರನ್ನು ದಾನ ಕೊಟ್ಟೆವು, ಹೊಗೆಗೂ ಕಾರ್ಬನ್ ಮೋನಾಕ್ಸೈಡಿಗೂ ಹೊಸ ಅಲಾರಂ ಹಾಕಿಸಿದೆವು. ಆ ರಾತ್ರಿ ಮಕ್ಕಳು ಮಲಗಿದ ಮೇಲೆ ನಾನು ಗಂಡನಿಗೆ ಹೇಳಿದೆ: "ಡಿಸೆಂಬರ್ 15. ಅಷ್ಟರೊಳಗೆ ಪುಟ್ಟಿಯ ಹಾಸಿಗೆ ಒಣಗಿರಬೇಕು. ಇಲ್ಲದಿದ್ದರೆ ಬಾಡಿಗೆ ಮನೆ ನೋಡೋಣ." ಅವರು ವಾದ ಮಾಡಲಿಲ್ಲ. ಅವರಿಗೂ ಭಯವಾಗಿತ್ತು.

ಈಗ ಇನ್ನೊಂದು ಸೋರಿಕೆಯ ಕತೆ ಹೇಳಬೇಕು. ಇದು ನಿಮ್ಮಲ್ಲಿ ಅನೇಕರ ಮನೆಯಲ್ಲೂ ಇರಬಹುದು.

ಮಗಳಿಗೆ ಎಂಟು ವರ್ಷ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಭಾನುವಾರದ ಕನ್ನಡ ಕ್ಲಾಸಿಗೆ ಹೋಗುತ್ತಾಳೆ, ಅ ಆ ಇ ಈ ಬರೆಯುತ್ತಾಳೆ, ರಾಜ್ಯೋತ್ಸವಕ್ಕೆ ಪದ್ಯ ಹೇಳುತ್ತಾಳೆ. ಊರಿಗೆ ಫೋನ್ ಮಾಡಿದರೆ ಅಜ್ಜನ ಜೊತೆ ಮಾತು ಹೀಗೆ: "ಊಟ ಆಯ್ತಾ ಮಗಾ?" "ಆಯ್ತು." "ಶಾಲೆಗೆ ಹೋಗಿದ್ಯಾ?" "ಹೂಂ." "ಮತ್ತೆಂತ ಸಮಾಚಾರ?" "ಅಮ್ಮಂಗೆ ಕೊಡ್ತೀನಿ." ಒಂದೂವರೆ ನಿಮಿಷ. ಅಮ್ಮ ಹೋದ ಮೇಲೆ ಅಪ್ಪ ಮನೆಯಲ್ಲಿ ಒಬ್ಬರೇ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಈ ಸೆಪ್ಟೆಂಬರ್‌ನಿಂದ ಅವರು ಪುಟ್ಟಿಗೆ ಫೋನ್ ಕೊಡು ಅನ್ನುವುದನ್ನೇ ಬಿಟ್ಟಿದ್ದರು. ನಾನಾಗಿ ಕೊಡಲು ಹೋದರೆ, "ಬೇಡ ಬಿಡು. ಮಗೂಗೆ ಯಾಕೆ ತೊಂದರೆ?" ಅಂದರು. ಆ ಮಾತು ನನಗೆ ಬಟ್ಟಲಿನ ಟಿಣ್ ಟಿಣ್‌ಗಿಂತ ಹೆಚ್ಚು ನಿದ್ದೆ ಕೆಡಿಸಿತ್ತು. ಅದಕ್ಕೆ ಯಾವ ಟ್ಯೂಬು ತಂದು ಮೆತ್ತುವುದು?

ಡಿಸೆಂಬರ್‌ನ ಮೊದಲ ಶನಿವಾರ ಸಂಜೆ ಏಳು ಗಂಟೆಗೆ ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ಭಾನುವಾರ ಬೆಳಗಿನ ಎಂಟೂವರೆ, ಅವರ ಕಾಪಿ ತಿಂಡಿ ಮುಗಿದಿರುತ್ತದೆ. ಅಡಿಕೆ ಸುಲಿಯುವ ಕಾಲ, ಅಂಗಳದಲ್ಲಿ ಅಡಿಕೆ ಒಣಗುತ್ತಿದೆ ಅಂದರು. ಮಾತಿನ ನಡುವೆ ನಿಲ್ಲಿಸಿ, "ಅದೆಂತ ಶಬ್ದ?" ಅಂತ ಕೇಳಿದರು. ಬಟ್ಟಲಿನ ಶಬ್ದ. ದೋಣಿ ಸೋರುವ ವಿಷಯವನ್ನು ಅವರಿಂದ ಮುಚ್ಚಿಟ್ಟಿದ್ದೆ. ಈಗ ಹೇಳಲೇಬೇಕಾಯಿತು. ಬೈಯುತ್ತಾರೆ ಅಂದುಕೊಂಡೆ. ಅವರ ದನಿಯಲ್ಲಿ ಬಹಳ ದಿನದಿಂದ ಇಲ್ಲದ ಉತ್ಸಾಹ ಬಂತು.

"ಹನಿ ಬೀಳೋ ಜಾಗದಲ್ಲಿ ಹುಡುಕ್ತಾ ಇದ್ದೀರಾ?"

"ಹೌದು ಅಪ್ಪ, ಅದರ ನೇರ ಮೇಲೆ ಎಲ್ಲ ನೋಡಿದ್ವಿ."

"ಅದೇ ತಪ್ಪು. ಸೋರೋ ಜಾಗ ಒಂದು, ಹನಿ ಬೀಳೋ ಜಾಗ ಇನ್ನೊಂದು. ಒಡೆದ ಹಂಚು ಎಲ್ಲೋ ಇರ್ತದೆ, ನೀರು ಪಕಾಸಿ ಹಿಡ್ಕೊಂಡು ಇಳಿದು, ರೀಪಿನ ಗಂಟು ಸಿಕ್ಕಿದ ಕಡೆ ಬೀಳ್ತದೆ. ಒಳಗಿಂದ ಅದರ ದಾರಿ ನೋಡ್ಬೇಕು. ಯಾರಾದ್ರೂ ಒಳಗೆ ಹೋಗಿ ನೋಡಿದ್ರಾ?"

ಯಾರೂ ಹೋಗಿರಲಿಲ್ಲ. ಮಂಚದ ತಲೆಯ ಕಡೆ ಒಂದು ಪುಟ್ಟ ಬಾಗಿಲಿದೆ, ಅದರಾಚೆ ದೋಣಿಯ ಪಕ್ಕೆಗೂ ಒಳಗೋಡೆಗೂ ನಡುವೆ ಒಂದು ಕಿರಿದಾದ ಗೂಡು. ನನ್ನ ಗಂಡನ ಭುಜವಾಗಲಿ ನನ್ನದಾಗಲಿ ಅದರೊಳಗೆ ಹೋಗುವುದಿಲ್ಲ. ಹೋಗಬಲ್ಲವಳು ಮನೆಯಲ್ಲಿ ಒಬ್ಬಳೇ. ಅವಳು ಆಗಲೇ ಟಾರ್ಚು ಕಟ್ಟಿದ ಹಣೆಪಟ್ಟಿ ಹುಡುಕುತ್ತಿದ್ದಳು.

ವಿಡಿಯೊ ಹಾಕಿ ಫೋನ್ ಅವಳ ಕೈಗೆ ಕೊಟ್ಟೆ. ಎರಡು ನಿಮಿಷಕ್ಕೆ ಊರಿನ ನೆಟ್ಟು ಎಂದಿನಂತೆ ಕೈಕೊಟ್ಟಿತು, ಚಿತ್ರ ನಿಂತುಹೋಯಿತು, ದನಿ ಮಾತ್ರ ಉಳಿಯಿತು. ಈಗ ಯೋಚಿಸಿದರೆ, ನಮ್ಮ ಅದೃಷ್ಟ ಅದು. ಚಿತ್ರ ಇದ್ದಿದ್ದರೆ ಅವಳು ತೋರಿಸಿ ಸುಮ್ಮನಾಗುತ್ತಿದ್ದಳು. ಈಗ ಹೇಳಲೇಬೇಕಿತ್ತು, ಅದೂ ಅಜ್ಜನಿಗೆ ತಿಳಿಯುವಂತೆ.

"ಎಂತ ಕಾಣ್ತದೆ ಮಗಾ?"

"ಅಜ್ಜ, ಇಲ್ಲಿ... ವೆಟ್ ಇದೆ. ಒದ್ದೆ."

"ಹೇಗೆ ಒದ್ದೆ? ಒಸರ್ತಾ ಇದೆಯಾ, ಜಿನುಗ್ತಾ ಇದೆಯಾ, ಹರೀತಾ ಇದೆಯಾ?"

ಗೂಡಿನೊಳಗೆ ಮೌನ. ನಾನು ಬಾಯಿ ಹಾಕಲು ಹೊರಟೆ, ಗಂಡ ಮೊಣಕೈ ತಿವಿದರು. ಅಜ್ಜನೇ ಬಿಡಿಸಿ ಹೇಳಿದರು: ಕೈಯಿಟ್ಟರೆ ತೇವ, ಆದರೆ ನೀರು ಕಾಣುವುದಿಲ್ಲ ಅಂದರೆ ಒಸರುವುದು. ಸಣ್ಣ ಸಣ್ಣ ಹನಿ ಕೂಡುತ್ತಿದ್ದರೆ ಜಿನುಗುವುದು. ಗೆರೆಯಾಗಿ ಇಳಿಯುತ್ತಿದ್ದರೆ ಹರಿಯುವುದು. ಅವಳು ಒಂದೊಂದು ಕಡೆಯೂ ಕೈಯಿಟ್ಟು ನೋಡಿದಳು. "ಅಜ್ಜ, ಇಲ್ಲಿ ಒಸರ್ತಿದೆ. ಆಚೆ ಸೈಡಲ್ಲಿ ಜಿನುಗ್ತಿದೆ." "ಹಾಂ, ಜಿನುಗೋ ಕಡೆ ಹೋಗು. ನೀರು ಕಡಿಮೆ ಆಗ್ತಾ ಹೋದ್ರೆ ದಾರಿ ತಪ್ಪಿದೆ ಅಂತ ತಿಳ್ಕೊ."

ಆಮೇಲೆ ಒಣಬಟ್ಟೆಯಲ್ಲಿ ಒರೆಸಿ ಒಣ ಬೂದಿ ಉದುರಿಸು ಅಂದರು. ಬೂದಿಯ ಮೇಲೆ ನೀರು ಓಡಿದರೆ ಗೆರೆ ಬೀಳುತ್ತದಂತೆ. ದೋಣಿಯಲ್ಲಿ ಬೂದಿ ಎಲ್ಲಿಂದ ಬರಬೇಕು? ತಮ್ಮನ ಪೌಡರ್ ಡಬ್ಬಿ ಒಳಗೆ ಹೋಯಿತು. ಅರ್ಧ ಗಂಟೆ ಕಾದೆವು. ಆ ಅರ್ಧ ಗಂಟೆ ಫೋನ್ ಇಡಲಿಲ್ಲ. ಅಡಿಕೆ ಮನೆಯ ಮಾಡು ಸೋರಿದ್ದು, ಅಜ್ಜಿ ಒಂಬತ್ತು ಪಾತ್ರೆ ಇಟ್ಟು ಒಂದೊಂದಕ್ಕೆ ಒಂದೊಂದು ರಾಗ ಅನ್ನುತ್ತಿದ್ದದ್ದು, ಹಾವೊಂದು ಹಂಚಿನ ಸಂದಿಯಿಂದ ಇಣುಕಿದ್ದು, ಎಲ್ಲ ಬಂತು. ಅವಳು ನಕ್ಕಳು, "ಆಮೇಲೆ? ಹಾವು ಏನ್ಮಾಡ್ತು?" ಅಂತ ಕೇಳಿದಳು. ವ್ಯಾಕರಣ ಎಲ್ಲಿ ತಪ್ಪಿತು ಅಂತ ನನಗೆ ಈಗ ನೆನಪಿಲ್ಲ. ಅವತ್ತು ನಾನು ತಿದ್ದಲಿಲ್ಲ, ಅದೊಂದು ನೆನಪಿದೆ.

"ಅಜ್ಜಾ! ಗೆರೆ ಬಂತು!" ಪೌಡರಿನ ಮೇಲೆ ಸಣ್ಣ ದಾರಿಯೊಂದು ಮೂಡಿತ್ತು. ಅದು ಹನಿ ಬೀಳುವ ಜಾಗದಿಂದ ನಾಲ್ಕಡಿ ಮುಂದಕ್ಕೆ ಹೋಗಿ, ಡೆಕ್ಕಿನ ಅಂಚಿನ ಕಂಬಿಯೊಂದರ ಬೋಲ್ಟಿನ ಹತ್ತಿರ ನಿಂತಿತ್ತು. ಆ ಕಂಬಿಯನ್ನು ಹಿಡಿದೇ ನಾವು ದಿನಕ್ಕೆ ಹತ್ತು ಸಲ ದೋಣಿ ಹತ್ತಿ ಇಳಿಯುತ್ತಿದ್ದದ್ದು. ಪ್ರತಿ ಸಲ ಎಳೆದಾಗಲೂ ಅದರ ಬುಡ ಕೂದಲೆಳೆಯಷ್ಟು ಬಾಯಿ ಬಿಡುತ್ತಿತ್ತು. ಆ ಕರೆ ಒಂದು ಗಂಟೆ ಹತ್ತು ನಿಮಿಷ ನಡೆದಿತ್ತು.

ಮುಂದಿನದು ಕೈಕೆಲಸ. ಮೊದಲು ಮಳೆಯನ್ನು ದೂರ ಇಡಬೇಕಿತ್ತು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಇರಚಲು ಹೊಡೆಯುವ ಕಡೆಗೆ ಸೋಗೆಯ ತಟ್ಟಿ ಕಟ್ಟುತ್ತಾರೆ. ನಾವು ಹಾಯಿಯ ಅಡ್ಡಮರದ ಮೇಲಿಂದ ಟಾರ್ಪಾಲು ಇಳಿಬಿಟ್ಟು ಎರಡೂ ಕಡೆ ಕಟ್ಟಿದೆವು. ಕಂಬಿಯ ಬುಡ ಬಿಚ್ಚಿ, ಸುತ್ತ ಡೆಕ್ಕನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿದೆವು. ಈ ಕಾಲದ ದೋಣಿಗಳ ಡೆಕ್ಕಿನಲ್ಲಿ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರ ಇರುವುದುಂಟು. ನೀರು ಕುಡಿದರೆ ಅದು ಕೊಳೆಯುತ್ತದೆ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಕೊಳೆತ ಜಾಗ ಡಬ್ ಅನ್ನುತ್ತದೆ. "ಹಲಸಿನಹಣ್ಣು ತಟ್ಟಿ ನೋಡಿದ ಹಾಗೆ" ಅಂತ ಅಜ್ಜ ಫೋನಿನಲ್ಲೇ ತೀರ್ಪು ಕೊಟ್ಟರು. ಮಗಳು ಸೀಮೆಸುಣ್ಣ ಹಿಡಿದು, ಡಬ್ ಅಂದ ಕಡೆಯೆಲ್ಲ ಗುರುತು ಹಾಕಿದಳು. ತಟ್ಟೆಯಗಲ ಆಯಿತು. ಪುಣ್ಯಕ್ಕೆ ಅಷ್ಟೇ.

ಕೊಳೆತ ಮರ ಕೆರೆದು ತೆಗೆದು ಮೂರು ದಿನ ಒಣಗಿಸಿದೆವು. ಎಪಾಕ್ಸಿ ಕಲಸಿ ತುಂಬಿದೆವು. ಚಳಿಯಲ್ಲಿ ಅದು ಗಟ್ಟಿಯಾಗಲು ಬಹಳ ಹೊತ್ತು ಹಿಡಿಯುತ್ತದೆ, ಅದಕ್ಕೆ ಟಾರ್ಪಾಲಿನ ಕೆಳಗೆ ಕಾವಿಗೆ ಒಂದು ಬಲ್ಬು ತೂಗುಬಿಟ್ಟು, ಸರದಿಯಲ್ಲಿ ಕಾವಲು ಕೂತೆವು. ಗಟ್ಟಿಯಾದ ಮೇಲೆ ಅದರ ನಡುವೆಯೇ ಹೊಸ ತೂತು ಕೊರೆದೆವು. ಈಗ ಬೋಲ್ಟಿನ ಪಕ್ಕ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ಕೊನೆಗೆ ಬ್ಯೂಟೈಲ್ ಟೇಪು. ಹೆಸರಿಗೆ ಟೇಪು, ಕೈಯಲ್ಲಿ ಅಗಿದ ಚ್ಯೂಯಿಂಗ್ ಗಮ್ಮಿನ ಹಾಗೆ. ಅದನ್ನು ಬೋಲ್ಟಿನ ಕುತ್ತಿಗೆಗೆ ಸುತ್ತಿ, ನಿಧಾನವಾಗಿ ಬಿಗಿಯಬೇಕು.

ಬಿಗಿಯುವುದಕ್ಕೆ ಇಬ್ಬರು ಬೇಕು, ಡೆಕ್ಕಿನ ಮೇಲೊಬ್ಬರು, ಕೆಳಗೊಬ್ಬರು. ಮೇಲಿನವರು ಬೋಲ್ಟನ್ನು ಅಲುಗದಂತೆ ಹಿಡಿಯಬೇಕು, ಕೆಳಗಿನವರು ನಟ್ಟು ಮಾತ್ರ ತಿರುಗಿಸಬೇಕು. ಬೋಲ್ಟು ತಿರುಗಿದರೆ ಸುತ್ತಿದ ಟೇಪು ಕಿತ್ತುಹೋಗುತ್ತದೆ. ಕೆಳಗಿನ ಗೂಡಿಗೆ ಹೋಗಬಲ್ಲವಳು ಮತ್ತೆ ಅವಳೇ. ಮೇಲೆ ಮಳೆ ಟಾರ್ಪಾಲು ಬಡಿಯುತ್ತಿತ್ತು. ಉದ್ದದ ವಾಕ್ಯ ಕೇಳಿಸುವುದಿಲ್ಲ. ಹಿಡಿ. ತಿರುಗಿಸು. ಸಾಕು. ಇನ್ನೊಂದು ಸುತ್ತು. ನಿಲ್ಲು. ಒಂದೇ ಉಸಿರಿಗೆ ಮುಗಿಯುವ ಮಾತುಗಳು. ಒಂದು ಹಂತದಲ್ಲಿ ಕೆಳಗಿನಿಂದ ಗದರಿಕೆ ಬಂತು: "ಅಪ್ಪಾ, ಬೋಲ್ಟು ತಿರುಗ್ತಿದೆ! ಗಟ್ಟಿಯಾಗಿ ಹಿಡ್ಕೋ!" ಇಂಗ್ಲಿಷಿನಲ್ಲಿ ಯೋಚಿಸಿ ತರ್ಜುಮೆ ಮಾಡಿದ ಕನ್ನಡವಲ್ಲ ಅದು. ಮೇಲೆ ಅಪ್ಪ, ಪಕ್ಕದಲ್ಲಿ ನಾನು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೋಲ್ಟನ್ನು ಮಾತ್ರ ಬಿಡಲಿಲ್ಲ.

ಡಿಸೆಂಬರ್ 13. ಡೆಕ್ಕಿನ ಮೇಲೆ ಕಾಲು ಗಂಟೆ ಪೈಪು ಹಿಡಿದೆವು. ಅವಳು ಮಂಚದ ಮೇಲೆ ಬಟ್ಟಲನ್ನು ಹೊಟ್ಟೆಯ ಮೇಲಿಟ್ಟುಕೊಂಡು ಅಂಗಾತ ಮಲಗಿದ್ದಳು. ಒಂದು ಹನಿ ಬೀಳಲಿಲ್ಲ. ಆ ರಾತ್ರಿ ಜೋರು ಗಾಳಿಮಳೆ, ಆಗಲೂ ಬೀಳಲಿಲ್ಲ. ಮರುದಿನ ನನ್ನ ಫೋನ್ ಬಾರಿಸಿತು. ಅಪ್ಪ. ಅವರಾಗಿ ಫೋನ್ ಮಾಡುವವರಲ್ಲ. "ಪುಟ್ಟಿಗೆ ಕೊಡು" ಅಂದರು. ನಾನು ಫೋನ್ ಕೊಟ್ಟು, ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತೆ.

ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಏಳು ಸೋರಿಕೆಯಲ್ಲಿ ಎರಡು ಇನ್ನೂ ಇವೆ. ಶಾಲೆಯ ಸುದ್ದಿ, ಗೆಳತಿಯರ ಜಗಳ ಈಗಲೂ ಇಂಗ್ಲಿಷಿನಲ್ಲೇ ಬರುತ್ತವೆ, ಅವು ನಡೆದದ್ದೇ ಆ ಭಾಷೆಯಲ್ಲಿ. ಕೆಲವು ಭಾನುವಾರ ಕನ್ನಡ ಕ್ಲಾಸಿಗೆ ಹೊರಡಿಸುವುದು ಹಲ್ಲು ಕೀಳಿಸಿದಷ್ಟೇ ಕಷ್ಟ. ಆದರೆ ನಾನು ಇಷ್ಟು ವರ್ಷ ಹನಿ ಬೀಳುವ ಜಾಗದಲ್ಲೇ ಸಿಲಿಕೋನ್ ಮೆತ್ತುತ್ತಿದ್ದೆ ಅನ್ನಿಸುತ್ತದೆ. ಅವಳು ಉತ್ತರ ಕೊಡುವ ಭಾಷೆಯನ್ನು ತಿದ್ದುತ್ತಿದ್ದೆ. ನೀರು ಬರುತ್ತಿದ್ದದ್ದು ಮೇಲಿನಿಂದ: ಕನ್ನಡದಲ್ಲಿ ಅವಳಿಗೆ ಹೇಳಬೇಕಾದ ವಿಷಯವೇ ಇರಲಿಲ್ಲ. ಅಜ್ಜನಿಗೂ ಊಟ ಆಯ್ತಾ ಬಿಟ್ಟರೆ ಕೇಳಲು ಏನಿರಲಿಲ್ಲ. ಮಗುವನ್ನು ಫೋನಿನ ಮುಂದೆ ನಿಲ್ಲಿಸಿ ಪದ್ಯ ಹೇಳಿಸುತ್ತಿದ್ದೆವು, ಇಬ್ಬರಿಗೂ ಒಟ್ಟಿಗೆ ಮಾಡುವ ಕೆಲಸವೊಂದನ್ನು ಕೊಟ್ಟಿರಲಿಲ್ಲ.

ಇದಕ್ಕೆ ನೀವು ದೋಣಿ ಕೊಳ್ಳಬೇಕಾಗಿಲ್ಲ. ದಯವಿಟ್ಟು ಕೊಳ್ಳಬೇಡಿ! ದೋಸೆ ಹಿಟ್ಟು ಚಳಿಗೆ ಹುದುಗದಿದ್ದಾಗ, ಕುಂಡದ ಕರಿಬೇವು ಸೊರಗಿದಾಗ, ಹರಿದ ಅಂಗಿಗೆ ಗುಂಡಿ ಹೊಲಿಯುವಾಗ ಅಜ್ಜಿಗೋ ಅಜ್ಜನಿಗೋ ಫೋನ್ ಹಚ್ಚಿ ಮಗುವಿನ ಕೈಗೆ ಕೊಟ್ಟು ನೋಡಿ. ಸಾಧ್ಯವಾದರೆ ವಿಡಿಯೊ ಆಫ್ ಮಾಡಿ. ನೀವು ಸುಮ್ಮನಿರಿ. ಸುಮ್ಮನಿರುವುದು ಎಲ್ಲಕ್ಕಿಂತ ಕಷ್ಟ, ನನಗೆ ಗೊತ್ತು.

ಮೊನ್ನೆ ಮೇ ಕೊನೆಯಲ್ಲಿ ನಾವು ಹಾಯಿಗೆ ಹೊಲಿಗೆ ಹಾಕುತ್ತಿದ್ದಾಗ ಅಜ್ಜನ ಫೋನ್ ಬಂತು. ಅಲ್ಲಿ ಮಳೆಗಾಲ ಹತ್ತಿರ. "ಅಜ್ಜ, ಹಂಚು ಕೈಯಾಡ್ಸಿದ್ರಾ?" ಅಂತ ಇವಳು ಕೇಳಿದಳು. ಮೊದಲ ಮಳೆಗೇ ಜಗಲಿಯ ಮೂಲೆಯಲ್ಲಿ ಸೋರಿತು, ಅಲ್ಲಿಯ ಹಂಚೆಲ್ಲ ನೋಡಿದೆ, ಒಂದೂ ಒಡೆದಿಲ್ಲ ಅಂದರು ಅಜ್ಜ. ಇವಳು ಸೂಜಿಯನ್ನು ಹಾಯಿಗೆ ಚುಚ್ಚಿಟ್ಟು ದೊಡ್ಡವಳ ದನಿಯಲ್ಲಿ ಹೇಳಿದಳು:

"ಅಲ್ಲಿ ಹುಡುಕ್ಬೇಡಿ ಅಜ್ಜ. ಇನ್ನೂ ಮೇಲೆ ನೋಡಿ."